ನಲವತ್ತೊಂದನೆಯ ಗುಳಿಗೆ

ಕಳೆದ ಶ್ರಾವಣದ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಓಬಯ್ಯ ಒಂದು ಪ್ಲಾಸ್ಟಿಕ್ ಬಕೆಟ್ ತಂದು ನನ್ನ ಮೇಜಿನ ಮೇಲಿಟ್ಟ. ದಿನ, ಗಂಟೆ ಎರಡೂ ನನಗೆ ಚೆನ್ನಾಗಿ ನೆನಪಿವೆ. ನೆನಪಿಟ್ಟುಕೊಳ್ಳುವಂಥದ್ದು ಆಗ ಏನೂ ನಡೆಯಲಿಲ್ಲ, ಆಮೇಲೆ ನೆನಪು ಮಾಡಿಕೊಳ್ಳಬೇಕಾಯಿತು.

ಓಬಯ್ಯ ನಮ್ಮ ಎಳೆಗೆರೆ ಹೃದಯ ಸಂಶೋಧನಾ ಕೇಂದ್ರದ ಅಟೆಂಡರ್. ಕೇಂದ್ರ ಶುರುವಾದ ಹೊಸದರಲ್ಲಿ ಕಪ್ಪೆ ಹಿಡಿಯುವುದಕ್ಕೆಂದೇ ಅವನನ್ನು ಸೇರಿಸಿಕೊಂಡಿದ್ದೆವು. ಕಪ್ಪೆಯ ಹೃದಯ ಮೈಯಿಂದ ಹೊರತೆಗೆದ ಮೇಲೂ ಬಹಳ ಹೊತ್ತು ಮಿಡಿಯುತ್ತದೆ. ಹೃದಯದ ಪಾಠ ಶುರುವಾಗುವುದೇ ಅಲ್ಲಿಂದ. ಈಗ ಕಪ್ಪೆಗಳ ಕಾಲ ಮುಗಿದು ಗಾಜಿನ ತಟ್ಟೆಗಳ ಕಾಲ ಬಂದಿದೆ. ಆದರೂ ಕೆರೆ, ಕಲ್ಯಾಣಿ ಕಂಡಲ್ಲೆಲ್ಲ ಬಗ್ಗಿ ನೋಡುವ ಚಾಳಿ ಓಬಯ್ಯನನ್ನು ಬಿಟ್ಟಿಲ್ಲ.

"ಇದನ್ನ ಒಂಚೂರು ನೋಡಿ ಮೇಡಮ್," ಅಂದ.

ಬಕೆಟ್ಟಿನಲ್ಲಿ ಒಂದು ಗೊದಮೊಟ್ಟೆ ಇತ್ತು. ಬೆಳೆದು ಅಂಗೈಯಷ್ಟಾಗಿತ್ತು. ನಾಲ್ಕು ಕಾಲೂ ಮೂಡಿದ್ದವು, ಹೆಬ್ಬೆರಳಿನಷ್ಟು ದಪ್ಪ ಬಾಲವೂ ಹಾಗೇ ಉಳಿದಿತ್ತು. ಕಾಲು ಒಂದು ಕಡೆಗೆ ಎಳೆದರೆ ಬಾಲ ಇನ್ನೊಂದು ಕಡೆಗೆ ತಳ್ಳುತ್ತಿತ್ತು. ಅದು ಸುಮ್ಮನೆ ಬಕೆಟ್ಟಿನ ಗೋಡೆಗೆ ತಲೆ ಕುಟ್ಟಿಕೊಳ್ಳುತ್ತಿತ್ತು.

"ಕಾಲು ಬಂದ್ಮೇಲೆ ಬಾಲ ಹೋಗ್ಬೇಕು. ಹೋಗಿಲ್ಲ. ಇದೊಂದೇ ಅಲ್ಲ ಮೇಡಮ್, ಕೊಳದಮ್ಮನ ಕಲ್ಯಾಣಿಲಿ ಇರೋವೆಲ್ಲ ಹಿಂಗೇ ಅವೆ. ಈ ಸಲ ಒಂದು ಕಪ್ಪೇನೂ ಮೆಟ್ಲು ಹತ್ತಿ ಬಂದಿಲ್ಲ."

ನನ್ನ ಮುಂದೆ ದೆಹಲಿಗೆ ಕಳಿಸಬೇಕಾದ ವರದಿಯ ನೂರಾ ಎಂಬತ್ತು ಪುಟಗಳಿದ್ದವು. "ಬಾಲ ಇದ್ರೆ ಇರ್ಲಿ ಬಿಡು ಓಬಯ್ಯ, ನಿನ್ನ ಗಂಟೇನು ಹೋಯ್ತು?" ಅಂದೆ.

ಅವನು ಬಕೆಟ್ ಎತ್ತಲಿಲ್ಲ. "ನೀವೇ ಹುಡುಗರಿಗೆ ಹೇಳ್ಕೊಡ್ತಿದ್ರಿ. ಬಾಲ ಉದುರೋದಲ್ಲ, ಅದರೊಳಗಿನ ಜೀವಕೋಶ ತಾವೇ ಸಾಯೋದು ಅಂತ."

"ಆಮೇಲೆ ನೋಡೋಣ," ಅಂದೆ. ಆ 'ಆಮೇಲೆ' ಬಂದದ್ದು ಎಂಟು ತಿಂಗಳ ನಂತರ.

*

ನನ್ನ ಹೆಸರು ಸರ್ವಮಂಗಳಾ. ಇಷ್ಟು ಭಾರದ ಹೆಸರಿಟ್ಟವನು ಅಪ್ಪ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ನನಗೆ ಹದಿಮೂರು ತುಂಬಿದ ವರ್ಷ ಅವನಿಗೆ ಎದೆನೋವು ಬಂತು. ಆಸ್ಪತ್ರೆಯವರು ಔಷಧಿ ಕೊಟ್ಟು ಕಟ್ಟಿಕೊಂಡಿದ್ದ ರಕ್ತನಾಳವನ್ನು ತೆರೆದರು, "ಗಂಡಾಂತರ ಕಳೀತು, ಗಂಜಿ ತನ್ನಿ" ಅಂದರು. ಅವ್ವ ಗಂಜಿ ಕಾಯಿಸಿಕೊಂಡು ಹೋಗುವಷ್ಟರಲ್ಲಿ ಅಪ್ಪ ಇರಲಿಲ್ಲ. ರಕ್ತ ಸಿಗದೆ ಸತ್ತಿದ್ದರೆ ನನಗೆ ಅರ್ಥವಾಗುತ್ತಿತ್ತು. ರಕ್ತ ಸಿಕ್ಕ ಮೇಲೆ ಯಾಕೆ ಸತ್ತ? ಆ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ನಾನು ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕೂತೆ.

ಉತ್ತರ ಗಾಜಿನ ತಟ್ಟೆಯಲ್ಲಿ ಸಿಕ್ಕಿತು. ಹೃದಯದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರೆ ಒಂದೊಂದೂ ತನ್ನ ಪಾಡಿಗೆ ತಾನು ಮಿಡಿಯುತ್ತದೆ. ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಅವುಗಳಿಗೆ ಆಮ್ಲಜನಕ ತಪ್ಪಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೊಟ್ಟರೆ ಕೆಲವು ಚೇತರಿಸಿಕೊಳ್ಳುತ್ತವೆ. ಉಳಿದವು ಉಸಿರು ಮರಳಿದ ಮೇಲೆಯೇ ಸಾಯುತ್ತವೆ. ಅವನ್ನು ಯಾರೂ ಕೊಲ್ಲುವುದಿಲ್ಲ. ಪ್ರತಿ ಜೀವಕೋಶದೊಳಗೂ ಹುಟ್ಟಿನಿಂದ ಬಂದ ಒಂದು ಆಜ್ಞೆ ಇರುತ್ತದೆ: ಕೆಟ್ಟೆ ಅನ್ನಿಸಿದಾಗ, ಇಲ್ಲವೇ ಕೆಲಸ ಮುಗಿಯಿತು ಅನ್ನಿಸಿದಾಗ, ತನ್ನನ್ನು ತಾನೇ ಚೂರು ಮಾಡಿಕೊಂಡು, ನೆರೆಹೊರೆಗೆ ತೊಂದರೆಯಾಗದಂತೆ ಮುಗಿದುಹೋಗು ಅಂತ. ಗಾಬರಿಬಿದ್ದ ಹೃದಯದಲ್ಲಿ ಈ ಆಜ್ಞೆ ಅಗತ್ಯವಿಲ್ಲದ ಕಡೆಯೂ ಹೊರಡುತ್ತದೆ. ನಲವತ್ತು ದಿನ ಅದರ ಬಾಯಿ ಕಟ್ಟಿದರೆ ಹೃದಯ ಉಳಿಯುತ್ತದೆ. ನಾನು ಕಂಡುಹಿಡಿದದ್ದು ಬಾಯಿ ಕಟ್ಟುವ ಆ ಗುಳಿಗೆಯನ್ನು. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಜನ ಎದೆಗುಳಿಗೆ ಅಂದರು, ಕೊನೆಗೆ ನಾವೂ ಹಾಗೇ ಅಂದೆವು.

ಈ ಆಜ್ಞೆ ದೇಹಕ್ಕೆ ಶತ್ರುವಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ವರ್ಷದ ಪಾಠ ಅದು. ಗರ್ಭದಲ್ಲಿ ಕೈ ಮೂಡುವಾಗ ಬೆರಳುಗಳಿರುವುದಿಲ್ಲ, ಸೌಟಿನ ತುದಿಯ ಹಾಗೆ ಒಂದು ಚಪ್ಪಟೆ ಗುಂಡು ಇರುತ್ತದೆ. ನಡುವಿನ ಜೀವಕೋಶಗಳು ಸತ್ತು ಜಾಗ ಬಿಟ್ಟುಕೊಟ್ಟಾಗ ಬೆರಳು ಬೆರಳಾಗುತ್ತದೆ. ಮಿದುಳಿನಲ್ಲೂ ಬೇಕಾದ್ದಕ್ಕಿಂತ ಬಹಳ ಹೆಚ್ಚು ಕೋಶಗಳು ಹುಟ್ಟುತ್ತವೆ, ಹೆಚ್ಚಾದವು ಸಾಯುತ್ತವೆ, ಉಳಿದದ್ದು ಮಿದುಳು. ಹಾಗಾಗಿಯೇ ಗುಳಿಗೆಯ ಚೀಟಿಯ ಮೊದಲ ಸಾಲನ್ನು ನಾನೇ ಕೆಂಪಕ್ಷರದಲ್ಲಿ ಬರೆಸಿದೆ: ಬಸುರಿಯರು ಈ ಗುಳಿಗೆಯನ್ನು ಮುಟ್ಟಲೂ ಕೂಡದು.

ಇನ್ನೊಂದು ಹೆಮ್ಮೆಯ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳ್ಳಿಗಳಲ್ಲಿ ಫ್ರಿಜ್ ಇರುವುದಿಲ್ಲವೆಂದು ಎಂಥ ಬಿಸಿಗೂ ಕೆಡದ ಹಾಗೆ ಗುಳಿಗೆ ತಯಾರಿಸಿದೆವು. ಎರಡು ಬೇಸಿಗೆ ತಗಡಿನ ಮಾಡಿನ ಮೇಲಿಟ್ಟೆವು, ನೀರಲ್ಲಿ ನೆನೆಹಾಕಿದೆವು, ಕುದಿಸಿದೆವು. ಕೂದಲೆಳೆಯಷ್ಟೂ ಕೆಡಲಿಲ್ಲ. ಅವತ್ತು ಇಡೀ ಕೇಂದ್ರಕ್ಕೆ ಜಿಲೇಬಿ ಹಂಚಿದ್ದೆ.

*

ಐದು ವರ್ಷದ ಹಿಂದೆ ನಮ್ಮವ್ವ ಹಾಲಮ್ಮ ಹುರುಳಿ ಕೇರುತ್ತಿದ್ದವಳು ಮೊರದ ಮೇಲೇ ಕುಸಿದಳು. ನನ್ನ ಗುಳಿಗೆಯ ಪರೀಕ್ಷೆ ಆಗ ನಡೆಯುತ್ತಿತ್ತು. ನೂರಾ ಹದಿನೇಳನೆಯ ರೋಗಿಯಾಗಿ ಅವಳನ್ನು ಸೇರಿಸಿದೆವು. ನನ್ನ ತಾಯಿ ಅನ್ನುವ ಕಾರಣಕ್ಕೆ ತಪಾಸಣೆಯನ್ನು ಬೇರೆಯವರಿಗೆ ವಹಿಸಿದೆ. ನಲವತ್ತು ದಿನಕ್ಕೆ ನಲವತ್ತು ಗುಳಿಗೆ. ನಲವತ್ತನೆಯ ದಿನ ಅವಳ ಹೃದಯದ ಚಿತ್ರ ತೆಗೆದ ಡಾಕ್ಟರು, ಕಲೆ ಎಲ್ಲಿದೆ ಅಂತ ನನ್ನನ್ನೇ ಕೇಳಿದರು. ಕಲೆ ಇರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಒಂದು ಸೋಮವಾರ ಉಪವಾಸವೆಂದು ಅವ್ವ ಗುಳಿಗೆ ತಪ್ಪಿಸಿದ್ದಳು. ಹಾಗಾಗಿ ಒಂದು ಉಳಿದಿತ್ತು. ಅದನ್ನು ವೀಳ್ಯದೆಲೆಯಲ್ಲಿ ಅಚ್ಚುಬೆಲ್ಲದ ಜೊತೆ ಮಡಚಿ ಕೊಳದಮ್ಮನ ಕಲ್ಯಾಣಿಗೆ ಹಾಕಿ ಬಂದಳು. ನಮ್ಮ ಕಡೆ ಅದು ಹಳೆಯ ಪದ್ಧತಿ. ನರೂಲಿಯಾದರೆ ಉಪ್ಪು, ಮೆಣಸು ಹಾಕುತ್ತಾರೆ, ಗಂಟುಗಡ್ಡೆಯಾದರೆ ಬೆಲ್ಲ ಹಾಕುತ್ತಾರೆ. ನೀರಲ್ಲಿ ಅದು ಕರಗಿದ ಹಾಗೆ ಮೈಯಲ್ಲಿ ಇದು ಕರಗಲಿ ಅಂತ.

"ಏನವ್ವ ಇದು, ಅಮ್ಮನಿಗೂ ಹಾರ್ಟ್ ಅಟ್ಯಾಕಾ?" ಅಂತ ತಮಾಷೆ ಮಾಡಿದೆ.

"ನೀನು ಉಳಿಸಿದ್ದು ಹೌದು ಕಣೆ ಮಂಗಳಾ. ನಿನಗೆ ಬುದ್ಧಿ ಕೊಟ್ಟೋಳು ಯಾರು? ಅವಳಿಗೂ ಒಂದು ಪಾಲು ಸಲ್ಲಬೇಕು," ಅಂದಳು.

ಊರಿನ ತುಂಬ ನಮ್ಮ ರೋಗಿಗಳಿದ್ದರು. ಹಾಲಮ್ಮ ಮಾಡಿದ್ದನ್ನು ಅವರೂ ಮಾಡತೊಡಗಿದರು. ಆದರೆ ಅವರಿಗೆ ಗುಳಿಗೆ ತಾನಾಗಿ ಉಳಿಯುತ್ತಿರಲಿಲ್ಲ. ಅಮ್ಮನ ಪಾಲಿಗೆಂದು ಒಂದನ್ನು ಎತ್ತಿಟ್ಟು ಮೂವತ್ತೊಂಬತ್ತೇ ನುಂಗುತ್ತಿದ್ದರು. ಪರೀಕ್ಷೆಯ ಲೆಕ್ಕವೆಲ್ಲ ತಲೆಕೆಳಗಾಗತೊಡಗಿತು. ಬೈದರೆ ಕೇಳುವ ಜನ ಅಲ್ಲ. ಆಗ ನನಗೆ ಹೊಳೆದದ್ದು ಈ ಉಪಾಯ: ನಲವತ್ತೊಂದು ಗುಳಿಗೆ ಕೊಡುವುದು. ನಲವತ್ತು ನಿಮಗೆ, ಕೊನೆಯದು ಅಮ್ಮನಿಗೆ.

ಪವಾಡವೇ ಆಯಿತು. ಅಮ್ಮನ ಗುಳಿಗೆ ಹಾಕುವ ದಿನ ಬರಬೇಕಾದರೆ ನಲವತ್ತು ದಿನ ತಪ್ಪಿಸದೆ ನುಂಗಬೇಕು ಅನ್ನುವುದು ಜನರ ಮನಸ್ಸಿಗೆ ನಾಟಿತು. ನಡುವೆ ಬಿಟ್ಟುಬಿಡುವವರು ನೂರಕ್ಕೆ ಇಬ್ಬರೂ ಉಳಿಯಲಿಲ್ಲ. ಗುಳಿಗೆಯನ್ನು ಪೊಟ್ಟಣ ಕಟ್ಟುವ ವಿಭಾಗದ ಫಣಿರಾಜ್, "ಕೊನೇದನ್ನ ಬರೀ ಸುಣ್ಣದ ಗುಳಿಗೆ ಮಾಡೋಣ್ವಾ ಮೇಡಮ್? ಔಷಧಿ ನೀರಿಗ್ಯಾಕೆ?" ಅಂತ ಒಮ್ಮೆ ಕೇಳಿದ್ದ. ಹತ್ತು ನಿಮಿಷ ಯೋಚಿಸಿ ಬೇಡ ಅಂದೆ. ಸುಳ್ಳು ಗುಳಿಗೆ ನಿಜದ್ದರ ಜೊತೆ ಬೆರೆತು ಯಾರೋ ಹನ್ನೆರಡನೆಯ ದಿನ ಅದನ್ನೇ ನುಂಗಿಬಿಟ್ಟರೆ? ಕಾರಣ ಸರಿಯಾಗಿಯೇ ಇತ್ತು. ಈಗಲೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ, ಅದೇ ಕಷ್ಟ.

ಗುಳಿಗೆಗೆ ಅನುಮತಿ ಸಿಕ್ಕಿ ರಾಜ್ಯದ ಊರೂರಿಗೆ ಹೋದಾಗಲೂ ಪೊಟ್ಟಣದಲ್ಲಿ ನಲವತ್ತೊಂದೇ ಇದ್ದವು. ಜೊತೆಗೆ ಎರಡು ನಿಮಿಷದ ಒಂದು ವಿಡಿಯೊ ಮಾಡಿಸಿದೆವು. ಅದರಲ್ಲಿ ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಕಲ್ಯಾಣಿಯ ಮೆಟ್ಟಿಲಿಳಿದು, ನಗುತ್ತ ಕೊನೆಯ ಗುಳಿಗೆಯನ್ನು ನೀರಿಗೆ ಬಿಡುತ್ತಾಳೆ. ಕಲ್ಯಾಣಿ ಚಿಕ್ಕದು. ಒಳಗೆ ನೀರುಕ್ಕುವ ಸಣ್ಣ ಊಟೆಯಿದೆ, ನೀರು ಹೊರಹೋಗುವ ದಾರಿಯಿಲ್ಲ.

*

ನನ್ನ ಯಜಮಾನರು ಭುವನಾ ಚಿಕ್ಕವಳಿದ್ದಾಗಲೇ ಬಸ್ ಅಪಘಾತದಲ್ಲಿ ತೀರಿಕೊಂಡರು. ಮಗಳನ್ನು ಸಾಕಿದವಳು ಅವ್ವ. ನಾನು ತಟ್ಟೆಗಳನ್ನು ಸಾಕುತ್ತಿದ್ದೆ. ಭುವನಾ ಚಿತ್ರದುರ್ಗದಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ದಿನವಿಡೀ ಬೆರಳಲ್ಲಿ ಮಾತಾಡಿ ಅಭ್ಯಾಸವಾಗಿ, ಮನೆಗೆ ಬಂದರೂ ಅವಳ ಕೈ ಸುಮ್ಮನಿರುವುದಿಲ್ಲ. ಬಾಯಲ್ಲಿ ಉಪ್ಪು ಕೇಳಿದರೆ ಬೆರಳೂ ಉಪ್ಪು ಕೇಳುತ್ತದೆ.

ಕಾರ್ತಿಕದ ಕೊನೆಯಲ್ಲಿ ದೀಪೋತ್ಸವಕ್ಕೆಂದು ಗಂಡನ ಜೊತೆ ಬಂದವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೀ ಕೈಸನ್ನೆಯಲ್ಲಿ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು. ಒಲೆಯ ಮುಂದಿನಿಂದ ಎದ್ದು ಬಂದು ಮೊಮ್ಮಗಳ ಕೆನ್ನೆ ಹಿಡಿದುಕೊಂಡಳು. ಭುವನಾಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಇದು ಮೂರನೆಯದು.

ಮರುದಿನದಿಂದ ಅವ್ವ ಅವಳಿಗೆ ಬೆಳಿಗ್ಗೆ ಒಂದು ಲೋಟ ಕೊಳದಮ್ಮನ ತೀರ್ಥ ಕೊಡತೊಡಗಿದಳು. ಅಷ್ಟು ಜನರ ಎದೆ ಉಳಿಸಿದ ಅಮ್ಮ ಒಂದು ಗರ್ಭ ನಿಲ್ಲಿಸುವುದಿಲ್ಲವೇ ಅನ್ನುವುದು ಊರಿನ ಹೊಸ ನಂಬಿಕೆ. ಮಂಗಳವಾರ ಕಲ್ಯಾಣಿಯ ಮೆಟ್ಟಿಲ ತುಂಬ ಬಸುರಿಯರು. ಭುವನಾ ಚಿತ್ರದುರ್ಗಕ್ಕೆ ಮರಳಿದ ಮೇಲೂ ಅವ್ವ ವಾರಕ್ಕೊಂದು ಕ್ಯಾನ್ ತುಂಬಿಸಿ ಬಸ್ಸಿನವರ ಕೈಲಿ ಕಳಿಸುತ್ತಿದ್ದಳು.

ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು. ವಿಜ್ಞಾನಿಯಲ್ಲವೇ, ನಾನೂ ಒಂದು ಮಾತು ಹೇಳಿದೆ.

"ಅವ್ವ, ಕಲ್ಯಾಣಿ ನೀರಲ್ಲಿ ಏನೇನು ಹುಳ ಇರುತ್ತೋ. ಚೆನ್ನಾಗಿ ಕುದಿಸಿ ಕೊಡು."

"ಹೂಂ ಕಣೆ, ಮೂರು ಲೋಟ ಎರಡಾಗೋ ಹಂಗೆ ಕುದಿಸ್ತೀನಿ," ಅಂದಳು ಅವ್ವ.

*

ಚೈತ್ರದ ಮೊದಲ ವಾರ, ಐದನೆಯ ತಿಂಗಳ ಸ್ಕ್ಯಾನಿಂಗಿಗೆ ನಾನೇ ಭುವನಾಳನ್ನು ಕರೆದುಕೊಂಡು ಹೋದೆ. ಡಾ. ಅಫ್ರೀನ್ ಅನ್ನುವ ಚುರುಕಾದ ಹುಡುಗಿ ನೋಡುತ್ತಿದ್ದಳು. ಹೃದಯ ತೋರಿಸಿದಳು: ನಾಲ್ಕು ಕೋಣೆ, ಒಳ್ಳೆಯ ಮಿಡಿತ. ಹೃದಯ ನೋಡಿ ನೋಡಿ ಪಳಗಿದ ಕಣ್ಣು ನನ್ನದು, ನೆಮ್ಮದಿಯಾಯಿತು. ಬೆನ್ನುಮೂಳೆ ಸರಿಯಿತ್ತು. ಆಮೇಲೆ ಒಂದೇ ಕಡೆ ಬಹಳ ಹೊತ್ತು ಯಂತ್ರ ಆಡಿಸಿದಳು.

"ಬೇಬಿ ಮುಷ್ಟಿ ಬಿಡ್ತಾನೇ ಇಲ್ಲ. ಏನಾದ್ರೂ ಸಿಹಿ ತಿಂದು, ಇಪ್ಪತ್ತು ನಿಮಿಷ ಓಡಾಡ್ಕೊಂಡು ಬನ್ನಿ," ಅಂದಳು.

ಭುವನಾ ಎದುರಿನ ಬೇಕರಿಯಲ್ಲಿ ಎರಡು ಮೈಸೂರ್ ಪಾಕ್ ತಿಂದಳು. "ನಿನ್ನ ಹಂಗೇ ಹಟಮಾರಿ," ಅಂತ ನನಗೆ ಹೇಳಿ ನಕ್ಕಳು. ವಾಪಸ್ ಬಂದು ಮಲಗಿದಾಗ ಮಗು ಎದ್ದಿತ್ತು. ಕೈ ಎತ್ತಿತು, ಮೆಲ್ಲಗೆ ಬೀಸಿತು.

"ನೋಡಮ್ಮ, ಟಾಟಾ ಮಾಡ್ತಿದೆ," ಅಂದಳು ಭುವನಾ. ಮಲಗಿದ್ದಲ್ಲಿಂದಲೇ ತಾನೂ ಕೈಬೀಸಿದಳು.

ನಾನು ನೋಡಿದೆ. ಅದು ಮುಷ್ಟಿಯಾಗಿರಲಿಲ್ಲ. ಮಣಿಕಟ್ಟು ಸಲೀಸಾಗಿ ಬಾಗುತ್ತಿತ್ತು, ಅಂಗೈ ಪೂರ್ತಿ ಬಿಚ್ಚಿತ್ತು, ಅದರ ತುದಿ ಒಂದೇ ದುಂಡನೆಯ ಅಂಚಾಗಿ ಮುಗಿದಿತ್ತು. ಇನ್ನೊಂದು ಕೈಯೂ ಹಾಗೇ ಇತ್ತು. ಅಫ್ರೀನ್ ನನ್ನ ಮುಖ ನೋಡಿ, "ಆಂಗಲ್ ಸರಿ ಸಿಕ್ತಿಲ್ಲ ಅನ್ಸುತ್ತೆ. ಎರಡು ವಾರ ಬಿಟ್ಟು ಬನ್ನಿ," ಅಂದಳು. ನನ್ನ ಕಣ್ಣಿಗೆ ಆಗ ಕಂಡದ್ದು ಎಂಟು ತಿಂಗಳ ಹಿಂದಿನ ಪ್ಲಾಸ್ಟಿಕ್ ಬಕೆಟ್.

ಭುವನಾಳನ್ನು ಅವಳ ಮನೆಗೆ ಬಿಟ್ಟು, ಮೂರು ಗಂಟೆಗೆ ಎಳೆಗೆರೆಗೆ ಬಂದು ಓಬಯ್ಯನನ್ನು ಕರೆದುಕೊಂಡು ಕಲ್ಯಾಣಿಗೆ ಹೋದೆ. ಬಿಸಿಲಿಗೆ ನೀರು ಕೊನೆಯ ಮೂರು ಮೆಟ್ಟಿಲಿಗೆ ಇಳಿದಿತ್ತು. ಮೇಲೆ ವೀಳ್ಯದೆಲೆಗಳು ತೇಲುತ್ತಿದ್ದವು. ಅಂಚಿನ ಕಲ್ಲುಗಳಿಗೆ ಬಿಳಿಯ ಪೊರೆ ಕಟ್ಟಿತ್ತು, ಅದರ ಮೇಲೆ ಇರುವೆಗಳು ಬೆಲ್ಲಕ್ಕೆ ಮುತ್ತಿದ್ದವು. ನೀರಿನಲ್ಲಿ ಹೋದ ವರ್ಷದ ಗೊದಮೊಟ್ಟೆಗಳು ಇನ್ನೂ ಇದ್ದವು. ಕಪ್ಪೆಯಾಗದೆ, ಸಾಯದೆ, ಮೀನಿನ ಗಾತ್ರಕ್ಕೆ ಬೆಳೆದು ಒಂದರ ಮೇಲೊಂದು ಬಿದ್ದಿದ್ದವು.

"ನಾನು ಆವತ್ತೇ ತಂದಿದ್ದೆ ಮೇಡಮ್," ಅಂದ ಓಬಯ್ಯ.

"ಹೌದು, ತಂದಿದ್ದೆ," ಅಂದೆ.

ಸೀಸೆಯಲ್ಲಿ ನೀರು ತುಂಬಿಕೊಂಡು ಪ್ರಯೋಗಾಲಯಕ್ಕೆ ಹೋಗಿ ಯಂತ್ರಕ್ಕೆ ಹಾಕಿದೆ. ನೀರಲ್ಲಿ ಏನೇನಿದೆ ಅನ್ನುವುದನ್ನು ಆ ಯಂತ್ರ ಗೆರೆ ಎಳೆದು ತೋರಿಸುತ್ತದೆ. ಬೆಲ್ಲದ ಗೆರೆ ಬಂತು, ಸುಣ್ಣದ ಗೆರೆ ಬಂತು. ಆಮೇಲೆ ಎತ್ತರಕ್ಕೆ, ನೆಟ್ಟಗೆ ಒಂದು ಗೆರೆ ಎದ್ದಿತು. ಮಗಳ ಕೈಬರಹಕ್ಕಿಂತ ಚೆನ್ನಾಗಿ ಆ ಗೆರೆಯನ್ನು ನಾನು ಬಲ್ಲೆ. ಅಡುಗೆಮನೆಯಲ್ಲಿ ಕುದಿಸಿಟ್ಟಿದ್ದ ತೀರ್ಥವನ್ನೂ ತರಿಸಿ ಹಾಕಿದೆ. ಅದರ ಗೆರೆ ಕಾಗದದ ಅಂಚು ದಾಟಿ ಹೋಯಿತು. ರೋಗಿಯ ಹೃದಯಕ್ಕೆ ಬೇಕಾದ್ದರ ಮುಂದೆ ಅದು ಏನೂ ಅಲ್ಲ. ಬೆರಳು ಮೂಡುವ ವಾರಗಳ ಒಂದು ಪಿಂಡಕ್ಕೆ ಎಷ್ಟು ಸಾಕು ಅನ್ನುವುದನ್ನು ನಾವು ಯಾರೂ ಅಳೆದಿರಲಿಲ್ಲ. ಬಸುರಿಯರು ಮುಟ್ಟುವುದಿಲ್ಲವಲ್ಲ, ಕೆಂಪಕ್ಷರದಲ್ಲಿ ಬರೆದಿದ್ದೇವಲ್ಲ ಅಂತ.

ನಿರ್ದೇಶಕರ ಕೋಣೆಗೆ ಹೋಗಿ ಎರಡೂ ಕಾಗದ ಅವರ ಮುಂದಿಟ್ಟು, ಸ್ಕ್ಯಾನಿನಲ್ಲಿ ಕಂಡದ್ದನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಎರಡು ಗೆರೆಗಳನ್ನೂ ಬೆರಳಿಟ್ಟು ನೋಡಿದರು.

"ಮೇಡಮ್, ನಿಮ್ಮ ಗುಳಿಗೆಯಿಂದ ಎರಡು ಲಕ್ಷ ಜನ ಬದುಕಿದಾರೆ. ಒಂದೇ ಒಂದು ಸ್ಕ್ಯಾನ್ ನೋಡಿ ನಿಲ್ಸೋಕಾಗುತ್ತಾ? ಇನ್ನೊಂದು ತಿಂಗಳು ನೋಡೋಣ."

"ಆಮೇಲೆ ನೋಡೋಣ ಅಂತ ನಾನೂ ಒಬ್ಬನಿಗೆ ಹೇಳಿದ್ದೆ ಸಾರ್," ಅಂದೆ. ಅಲ್ಲೇ ಕೂತು ಸರ್ಕಾರಕ್ಕೆ, ಎಲ್ಲ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ನನ್ನ ಹೆಸರಿನಲ್ಲೇ ಪತ್ರ ಕಳಿಸಿದೆ. ನಲವತ್ತೊಂದನೆಯ ಗುಳಿಗೆ ಇವತ್ತಿನಿಂದಲೇ ನಿಲ್ಲಬೇಕು, ಹಾಕಿದ ನೀರನ್ನು ಯಾರೂ ಕುಡಿಯಬಾರದು ಅಂತ. ಕಪ್ಪೆಗಳ ವಿಷಯವನ್ನೂ ಬರೆದೆ.

ಮರುದಿನದಿಂದ ಫೋನು ಬರತೊಡಗಿದವು. ಒಂದು ಊರಿನ ಹೊಂಡದ ಪೂಜಾರಿ, ಇನ್ನೊಂದು ಊರಿನ ಹೈಸ್ಕೂಲ್ ಮೇಷ್ಟ್ರು, ಒಬ್ಬ ನರ್ಸು. ಯಾರೂ ಬೈಯಲಿಲ್ಲ. ಎಲ್ಲರೂ ಸುಮಾರು ಒಂದೇ ಮಾತು ಹೇಳಿದರು: ನಮ್ಮಲ್ಲೂ ಹೋದ ಮಳೆಗಾಲದಿಂದ ಕಪ್ಪೆ ಕೂಗ್ತಿಲ್ಲ, ಯಾಕೆ ಅಂತ ಗೊತ್ತಾಗಿರಲಿಲ್ಲ. ನರ್ಸು ಮಾತ್ರ ಕಪ್ಪೆಯ ಮಾತಾಡಲಿಲ್ಲ. ಅವಳ ಆಸ್ಪತ್ರೆಯಲ್ಲಿ ಈ ವರ್ಷ ಹುಟ್ಟಿದ ನಾಲ್ಕು ಮಕ್ಕಳ ಕೈ ಹೇಗಿದೆ ಅಂತ ಹೇಳಿದಳು. "ಅವು ಅಳೋದೇ ಇಲ್ಲ ಮೇಡಮ್," ಅಂತಲೂ ಹೇಳಿದಳು.

*

ಮಂಗಳವಾರ ಕಲ್ಯಾಣಿಗೆ ಹೋದೆ. ಪೊಲೀಸರು ಬೇಲಿ ಹಾಕುತ್ತಿದ್ದರು. ಎಪ್ಪತ್ತು ಎಂಬತ್ತು ಹೆಂಗಸರು ಮಡಿಲಕ್ಕಿ ಕಟ್ಟಿಕೊಂಡು ಹೊರಗೆ ನಿಂತಿದ್ದರು. ನಡುವೆ ಅವ್ವ, ಕೈಯಲ್ಲಿ ತಾಮ್ರದ ತಂಬಿಗೆ. ನಾನು ಅವಳನ್ನು ಅರಳಿಕಟ್ಟೆಯ ಮೇಲೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತು, ಬಿಡಿಸಿ ಹೇಳಿದೆ. ಅವಳು ಓದಿದವಳಲ್ಲ, ಆದರೆ ದಡ್ಡಿಯಲ್ಲ. ಎರಡನೇ ಸಲ ಕೇಳಲಿಲ್ಲ.

"ಮೊದಲು ಹಾಕಿದೋಳು ನಾನು," ಅಂದಳು.

"ನೀನು ಹಾಕಿದ್ದು ಒಂದು. ಮಿಕ್ಕಿದ್ದೆಲ್ಲ ನಾನು ಹಾಕಿಸಿದ್ದು ಅವ್ವ."

"ಕುಡಿಸಿದೋಳು ನಾನು."

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗಾಬರಿಯಾಗಿ ನಾಡಿ ಹಿಡಿದು ನೋಡಿದೆ. ನಿಮಿಷಕ್ಕೆ ಎಪ್ಪತ್ತೆರಡು, ಹದಿನಾರರ ಹುಡುಗಿಯ ನಾಡಿ.

"ಇಂಥ ಮಾತು ಕೇಳಿದ್ಮೇಲೆ ಈ ಎದೆ ಒಡೆದು ಹೋಗ್ಬೇಕಾಗಿತ್ತು ಮಂಗಳಾ," ಅಂದಳು. "ನೀನು ಅದಕ್ಕೂ ಬಿಡ್ಲಿಲ್ಲ."

ತಂಬಿಗೆಯ ನೀರನ್ನು ಅವಳು ನೆಲಕ್ಕೆ ಚೆಲ್ಲಲಿಲ್ಲ. ಎಲ್ಲಿ ಚೆಲ್ಲಿದರೆ ಯಾರಿಗೆ ಏನಾಗುತ್ತದೋ ಅಂತ, ಅದನ್ನು ಹಾಗೇ ಹಿಡಿದುಕೊಂಡು ಮನೆಯವರೆಗೆ ನಡೆದುಬಂದಳು.

*

ಭುವನಾಗೆ ಹೇಳುವುದನ್ನು ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ಚಿತ್ರದುರ್ಗಕ್ಕೆ ಹೋದೆ. ಅಳಿಯ ಕೆಲಸಕ್ಕೆ ಹೋಗಿದ್ದ. ಅವಳು ಜಗಲಿಯಲ್ಲಿ ಕೂತು ಶಾಲೆಯ ಮಕ್ಕಳಿಗೆಂದು ರಟ್ಟಿನಲ್ಲಿ ಪುಟ್ಟ ಪುಟ್ಟ ಕೈಗಳನ್ನು ಕತ್ತರಿಸುತ್ತಿದ್ದಳು. ಒಂದೊಂದು ಅಕ್ಷರಕ್ಕೆ ಒಂದೊಂದು ಭಂಗಿಯ ಕೈ. ಅವುಗಳ ಮುಂದೆ ಕೂತು ಹೇಳಬೇಕಾಯಿತು.

ಅವಳು ಕತ್ತರಿ ಕೆಳಗಿಟ್ಟಳು. ನಾನು ಮುಗಿಸುವವರೆಗೂ ಅವಳ ಕೈ ಅಲುಗಲಿಲ್ಲ. ಅದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆಪರೇಷನ್ ಮಾಡಿ ಬಿಡಿಸಬಹುದಾ?"

"ಬೆರಳು ಬಿಡಿಸಬಹುದು. ಒಂದೇ ಸಲಕ್ಕೆ ಆಗಲ್ಲ, ವರ್ಷಗಟ್ಟಲೆ ಹಿಡಿಯುತ್ತೆ. ಆದರೂ ಆಗುತ್ತೆ."

"ತಲೆ ಒಳಗಿಂದು?"

ನನ್ನ ಮಗಳು ಅಂತ ಆಗ ಅನ್ನಿಸಿತು. ನೆಟ್ಟಗೆ ಅಲ್ಲಿಗೇ ಬಂದಳು. "ಗೊತ್ತಿಲ್ಲ," ಅಂದೆ. "ಯಾರಿಗೂ ಗೊತ್ತಿಲ್ಲ. ನಿನಗೆ ಬೇಡ ಅನ್ನಿಸಿದ್ರೆ ಇನ್ನೂ ಸಮಯ ಇದೆ ಭುವಿ. ಕಾನೂನೂ ಬಿಡುತ್ತೆ."

"ಅದು ನನಗೆ ಟಾಟಾ ಮಾಡಿದೆ ಅಮ್ಮ," ಅಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಕಪ್ಪೆ ವಿಷಯ ನಿಂಗೆ ಮೊದಲು ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಓಬಯ್ಯ ಎಂದೂ ಬಾಯಿ ಬಿಡುತ್ತಿರಲಿಲ್ಲ.

"ಶ್ರಾವಣದಲ್ಲಿ. ಎರಡನೇ ಮಂಗಳವಾರ. ಓಬಯ್ಯ ಬಕೆಟ್ಟಲ್ಲಿ ತಂದಿದ್ದ. ನಾನು ನೋಡಲಿಲ್ಲ."

ಅವಳು ಬೆರಳು ಮಡಚಿ ಎಣಿಸಿದಳು. ಶ್ರಾವಣ, ಭಾದ್ರಪದ, ಆಶ್ವಯುಜ, ಕಾರ್ತಿಕ. ನಾಲ್ಕು ಬೆರಳು ಮಡಚಿ ನಿಂತಿತು.

"ಆಗ ನಾನಿನ್ನೂ ಬಸುರಿಯಾಗಿರಲಿಲ್ಲ," ಅಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ರಟ್ಟಿನ ಕೈಗಳನ್ನು ಒಂದೊಂದಾಗಿ ಆಯ್ದು ಡಬ್ಬಿಗೆ ತುಂಬಿಟ್ಟು, ಸಂಜೆಯ ಬಸ್ಸಿಗೆ ವಾಪಸ್ ಬಂದೆ.

*

ಈಗ ಆಷಾಢ. ಬಾಣಂತನಕ್ಕೆ ತವರಿಗೆ ಬರದೆ ಇರುತ್ತಾಳೆ ಅಂದುಕೊಂಡಿದ್ದೆ. ಬಂದಳು. ಅಜ್ಜಿಗಾಗಿ ಬಂದೆ ಅಂದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಕೇಂದ್ರದ ಕೆಲಸ ಬಿಟ್ಟಿದ್ದೇನೆ. ಓಬಯ್ಯ ದಿನಾ ಮೂರ್ನಾಲ್ಕು ಊರಿನ ನೀರು ಸೀಸೆಯಲ್ಲಿ ತಂದುಕೊಡುತ್ತಾನೆ, ಹೊಸ ಹುಡುಗರು ಯಂತ್ರಕ್ಕೆ ಹಾಕುತ್ತಾರೆ. ಇದುವರೆಗೆ ಮುನ್ನೂರ ಹನ್ನೆರಡು ಕಲ್ಯಾಣಿ, ಹೊಂಡ, ಕೆರೆ. ಆ ಗೆರೆಯಿಲ್ಲದ ನೀರು ಮೂವತ್ತೂ ಸಿಕ್ಕಿಲ್ಲ. ಹೀರುವ ದಾರಿ, ಸುಡುವ ದಾರಿ ಹುಡುಕುತ್ತಿದ್ದಾರೆ. ಕೆಡದ ಹಾಗೆ ಮಾಡುವುದು ಹೇಗೆಂದು ನನಗೆ ಗೊತ್ತಿತ್ತು. ಕೆಡಿಸುವುದು ಹೇಗೆಂದು ಅವರು ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ನಮ್ಮ ಕಲ್ಯಾಣಿಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಜನ ಆಚೆಯಿಂದ ವೀಳ್ಯದೆಲೆ ಎಸೆಯುತ್ತಾರೆ. ಎದೆನೋವು ನಿಂತಿಲ್ಲ, ಗುಳಿಗೆಯೂ ನಿಂತಿಲ್ಲ. ಪೊಟ್ಟಣದಲ್ಲಿ ಈಗ ನಲವತ್ತೇ ಇವೆ, ಜನ ಮೂವತ್ತೊಂಬತ್ತು ನುಂಗುತ್ತಾರೆ.

ನಾಲ್ಕು ದಿನದಿಂದ ಮಳೆ ಹಿಡಿದಿದೆ. ಊರಲ್ಲಿ ಒಂದು ಕಪ್ಪೆಯೂ ಕೂಗಿಲ್ಲ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಭುವನಾ ಕೋಣೆಯಿಂದ ಕರೆದಳು. ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಹತ್ತಿರ ಅವ್ವ ಹತ್ತಿ ಬಿಡಿಸುತ್ತಿದ್ದಳು. ನಾನು ಹತ್ತಿರ ಹೋದೆ. ಮೂರು ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಏನೋ ನನ್ನ ಅಂಗೈಗೆ ಒತ್ತಿತು.

"ಕಾಲಾ?" ಅಂದೆ.

"ಕಾಲು ಈ ಕಡೆ ಇದೆ. ಅದು ಕೈ."

ಮತ್ತೆ ಒತ್ತಿತು, ಮೃದುವಾಗಿ, ಅಗಲವಾಗಿ. ತೆಗೆಯಲು ಹೋದ ನನ್ನ ಕೈಯನ್ನು ಭುವನಾ ಬಿಡಲಿಲ್ಲ.

"ಎಣಿಸಮ್ಮ," ಅಂದಳು.

ಅವ್ವನ ಕೈಯಲ್ಲಿ ಹತ್ತಿ ನಿಂತಿತು.

"ಒಂದು," ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಮುಂದಿನದಕ್ಕೆ ಕಾದಳು.